ಬೆಳಗ್ಗೆ ಹೋಗಿ ದೀಪ ಹಚ್ಚುವ ಹೊತ್ತಿಗೆ ಬನ್ನಿ: ಮೈಸೂರಿನ ನಿವೃತ್ತರಿಗೊಂದು ತಿರುಗಾಟದ ಕೈಪಿಡಿ

ನಾನು ರೈಲ್ವೆ ಮೇಲ್ ಸರ್ವಿಸ್‌ನಲ್ಲಿ, ಅಂದರೆ ಅಂಚೆಯವರು ಆರ್‌ಎಂಎಸ್ ಎನ್ನುವ ವಿಭಾಗದಲ್ಲಿ, ಪತ್ರ ವಿಂಗಡಿಸುವ ಕೆಲಸ ಮಾಡಿ ನಿವೃತ್ತನಾದವನು. ರಾತ್ರಿ ಪಾಳಿಯಲ್ಲಿ ಗೂಡುಗಳ ಕಪಾಟಿನ ಮುಂದೆ ನಿಂತು ಬನ್ನೂರು, ತಲಕಾಡು, ಮೇಲುಕೋಟೆ ಎಂದು ಕಾಗದ ಹಾಕುತ್ತಾ ತಲೆ ನರೆಯಿತು. ಪಿನ್ ಕೋಡ್ ಕೇಳಿದರೆ ನಿದ್ದೆಯಲ್ಲೂ ಹೇಳುತ್ತೇನೆ: ನಂಜನಗೂಡು 571301, ಮೇಲುಕೋಟೆ 571431, ತಲಕಾಡು 571122. ಊರನ್ನು ಕಣ್ಣಿಂದ ನೋಡಿದ್ದು ಮಾತ್ರ ಕಡಿಮೆ. ರಾತ್ರಿ ದುಡಿದವನು ಹಗಲು ಮಲಗುತ್ತಾನೆ, ಮಲಗಿದವನು ಎಲ್ಲಿಗೆ ಹೋದಾನು?

ಕಳೆದ ಯುಗಾದಿಯಿಂದ ಈ ಯುಗಾದಿಯವರೆಗೆ ನಾನೂ ನಮ್ಮ ಮನೆಯವಳೂ ಆ ಗೂಡುಗಳ ಊರುಗಳನ್ನು ಒಂದೊಂದಾಗಿ ನೋಡುತ್ತಾ ಬಂದೆವು. ಸ್ವಂತ ಕಾರಿಲ್ಲ, ಬಾಡಿಗೆ ಕಾರು ಮಾಡಿದ್ದು ಅಪರೂಪ, ರಾತ್ರಿ ಎಲ್ಲೂ ತಂಗಲಿಲ್ಲ. ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಬಸ್ಸಿನ ವೇಳೆ, ನೆರಳಿರುವ ಜಾಗ, ಶೌಚಾಲಯದ ಸ್ಥಿತಿ, ಎಲ್ಲವನ್ನೂ ಬರೆದಿಟ್ಟಿದ್ದೇನೆ. ಅದನ್ನು ನೋಡಿಯೇ ಇದನ್ನು ಬರೆಯುತ್ತಿದ್ದೇನೆ. ಮೈಸೂರಿನಲ್ಲಿ ಇರುವವರಿಗೆ ಹಾಗೆಯೇ ಉಪಯೋಗಕ್ಕೆ ಬರುತ್ತದೆ. ಬೇರೆ ಊರಿನವರು ಊರಿನ ಹೆಸರು ಬದಲಿಸಿಕೊಳ್ಳಿ.

ಎಷ್ಟು ದೂರ ಹೋಗಬೇಕು ಎಂಬುದಕ್ಕೆ ನನ್ನದೊಂದು ಗಡಿ ಇದೆ. ಪಿನ್ ಕೋಡ್ ಪದ್ಧತಿ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಅದರ ಮೊದಲ ಮೂರು ಅಂಕಿಗಳು ವಿಂಗಡಣೆಯ ಪ್ರದೇಶವನ್ನು ಹೇಳುತ್ತವೆ. ಮೈಸೂರು ನಗರ 570. ಸುತ್ತಲಿನ ತಾಲ್ಲೂಕುಗಳು, ಮಂಡ್ಯ, ಚಾಮರಾಜನಗರ, ಕೊಡಗು ಎಲ್ಲವೂ 571. ಹಾಸನ ಎಂದರೆ 573. ದಿನದ ತಿರುಗಾಟ 571ರ ಒಳಗೆ ಮಾತ್ರ ಎಂದು ಮೊದಲೇ ಗೆರೆ ಎಳೆದೆ. ಮನೆಯವಳಿಗೆ ಶ್ರವಣಬೆಳಗೊಳದ ಆಸೆ. ಅದು 573135. "ರೀ, ಗೊಮ್ಮಟನಿಗೆ ನಿಮ್ಮ ಪಿನ್ ಕೋಡ್ ಗೊತ್ತಿಲ್ಲ" ಎಂದು ಆಗಾಗ ಚುಚ್ಚುತ್ತಾಳೆ. ಆದರೂ ಬೆಳಗ್ಗೆ ಹೊರಟು, ವಿಂಧ್ಯಗಿರಿಯ ಮೆಟ್ಟಿಲು ಹತ್ತಿ ಇಳಿದು, ಅದೇ ದಿನ ವಾಪಸು ಬರುವುದು ನಮ್ಮ ವಯಸ್ಸಿನವರಿಗೆ ಓಟವೇ ಹೊರತು ತಿರುಗಾಟವಲ್ಲ. ಅದಕ್ಕೆ ಒಂದು ರಾತ್ರಿ ತಂಗುವ ಲೆಕ್ಕ ಹಾಕಬೇಕು.

ಮೊದಲು ಹಿಂದಿರುಗುವ ಬಸ್ಸು

ಎಲ್ಲರೂ ಹೋಗುವ ಬಸ್ಸನ್ನು ವಿಚಾರಿಸುತ್ತಾರೆ. ಹೋಗುವ ಬಸ್ಸು ಹೇಗೂ ಸಿಗುತ್ತದೆ. ಹೊರಡುವುದು ದೊಡ್ಡ ನಿಲ್ದಾಣದಿಂದ, ಒಂದು ತಪ್ಪಿದರೆ ಇನ್ನೊಂದು ಇರುತ್ತದೆ. ಬರುವ ಬಸ್ಸು ಹೊರಡುವುದು ಒಂದು ಅರಳಿಕಟ್ಟೆಯ ಪಕ್ಕದಿಂದ. ಅದು ತಪ್ಪಿದರೆ ನಿಮ್ಮ ಪಕ್ಕದಲ್ಲಿ ಉಳಿಯುವುದು ಆ ಅರಳಿಮರವೊಂದೇ. ಆದ್ದರಿಂದ ದಿನದ ಯೋಜನೆಯನ್ನು ಸಂಜೆಯಿಂದ ಹಿಂದಕ್ಕೆ ಕಟ್ಟಿಕೊಂಡು ಬನ್ನಿ. ಮನೆಗೆ ಎಷ್ಟು ಹೊತ್ತಿಗೆ ಮುಟ್ಟಬೇಕು? ನಮ್ಮದು ದೀಪ ಹಚ್ಚುವ ಹೊತ್ತು. ಅದಕ್ಕೆ ಆ ಊರಿನಿಂದ ಯಾವ ಬಸ್ಸು ಹಿಡಿಯಬೇಕು? ಆ ಬಸ್ಸಿಗೂ ಮುಂಚಿನದು ಯಾವುದು? ನೀವು ಹತ್ತಬೇಕಾದದ್ದು ಆ ಮುಂಚಿನದ್ದನ್ನು. ಕೊನೆಯ ಬಸ್ಸನ್ನು ಆಪತ್ತಿಗೆ ಎಂದು ಇಟ್ಟುಕೊಳ್ಳಿ, ಅದರ ಮೇಲೆ ಊಟ ನಿದ್ದೆ ಕಟ್ಟಬೇಡಿ.

ಇಲ್ಲೊಂದು ಒಳಗುಟ್ಟಿದೆ. ಹಳ್ಳಿಯ ಕಡೆಗೆ ಸಂಜೆ ಹೋಗುವ ಕೊನೆಯ ಬಸ್ಸು ಅನೇಕ ಕಡೆ ಅಲ್ಲಿಯೇ ರಾತ್ರಿ ತಂಗುತ್ತದೆ. ಚಾಲಕ, ನಿರ್ವಾಹಕರು ಅಲ್ಲೇ ಮಲಗಿ ಮುಂಜಾನೆ ಹೊರಡುತ್ತಾರೆ. ನಿಲ್ದಾಣದಲ್ಲಿ "ಏಳು ಗಂಟೆಗೂ ಬಸ್ಸಿದೆ" ಎಂದು ಯಾರಾದರೂ ಹೇಳಿದರೆ, ಅದು ಹೋಗುವುದೋ ಬರುವುದೋ ಎಂದು ಕೇಳಿ. ನಿರ್ವಾಹಕರನ್ನು ಕೇಳುವ ಪ್ರಶ್ನೆಯೂ ನೇರವಾಗಿರಲಿ. "ವಾಪಸು ಬಸ್ಸಿದೆಯೇ?" ಎಂದರೆ "ಇವೆ ಸ್ವಾಮಿ, ಬೇಕಾದಷ್ಟು" ಎಂಬ ಉತ್ತರ ಬರುತ್ತದೆ. "ಮೂರು ಗಂಟೆಯ ನಂತರ ಮೈಸೂರಿಗೆ ನೇರವಾಗಿ ಹೋಗುವುದು ಯಾವುದು, ಎಲ್ಲಿ ನಿಲ್ಲುತ್ತದೆ?" ಎಂದರೆ ಅವರೂ ಒಂದು ಕ್ಷಣ ಯೋಚಿಸಿ ಸರಿಯಾದದ್ದನ್ನೇ ಹೇಳುತ್ತಾರೆ. ಊರಿಗೆ ಇಳಿದ ಮೇಲೆ ನಿಲ್ದಾಣದ ಎದುರಿನ ಟೀ ಅಂಗಡಿಯವರನ್ನು ಇದೇ ಪ್ರಶ್ನೆ ಮತ್ತೊಮ್ಮೆ ಕೇಳಿ. ಇಬ್ಬರ ಮಾತೂ ಒಂದೇ ಆದರೆ ನಂಬಿ. ಬೇರೆಯಾದರೆ ಟೀ ಅಂಗಡಿಯವರನ್ನು ನಂಬಿ.

ಶಾಲೆ ಕಾಲೇಜಿನ ಹೊತ್ತು ಬೇಡ. ಬೆಳಗ್ಗೆ ಎಂಟೂವರೆಯಿಂದ ಒಂಬತ್ತೂವರೆ, ಮಧ್ಯಾಹ್ನ ಮೂರೂವರೆಯಿಂದ ಐದು, ಈ ಹೊತ್ತಿನಲ್ಲಿ ಹಳ್ಳಿಯ ಬಸ್ಸುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮಕ್ಕಳ ಬ್ಯಾಗು ನಿಮ್ಮ ಕನ್ನಡಕಕ್ಕೆ ಬಡಿಯುತ್ತದೆ. ಏಳರ ಸುಮಾರಿಗೆ ಹೊರಟು ಮೂರರೊಳಗೆ ವಾಪಸು ಬಸ್ಸು ಹತ್ತುವುದು ನಮಗೆ ಚೆನ್ನಾಗಿ ಹೊಂದಿತು.

ಟಿಕೆಟ್ಟಿನ ವಿಷಯ ಎಲ್ಲರಿಗೂ ಗೊತ್ತಿರುತ್ತದೆ, ಆದರೂ ಹೇಳಿಬಿಡುತ್ತೇನೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಂಗಸರಿಗೆ ಸಾಮಾನ್ಯ ಮತ್ತು ವೇಗದೂತ ಸರ್ಕಾರಿ ಬಸ್ಸುಗಳಲ್ಲಿ ಶೂನ್ಯ ಟಿಕೆಟ್. ರಾಜಹಂಸ, ಹವಾನಿಯಂತ್ರಿತ ಬಸ್ಸುಗಳಿಗೆ ಇಲ್ಲ. ಅರವತ್ತು ದಾಟಿದ ಗಂಡಸರಿಗೆ ಶೇ 25 ರಿಯಾಯಿತಿ. ಇಬ್ಬರೂ ಗುರುತಿನ ಚೀಟಿ ಇಟ್ಟುಕೊಳ್ಳಿ, ಅದೂ ತೆಗೆಯಲು ಸುಲಭವಾದ ಜೇಬಿನಲ್ಲಿ. ರೈಲಿನಲ್ಲಿ ಹಿರಿಯ ನಾಗರಿಕರ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತಿತು. ಪ್ಯಾಸೆಂಜರ್ ರೈಲಿನ ದರ ಹೇಗೂ ಕಡಿಮೆ, ಆ ಕೊರತೆ ಅಷ್ಟಾಗಿ ಕಾಣಿಸುವುದಿಲ್ಲ. ನಮ್ಮ ಮನೆಯ ಲೆಕ್ಕದಲ್ಲಿ ಮಾತ್ರ ಪ್ರತಿ ಸಲವೂ ನಾನೇ ದುಬಾರಿಯ ಪ್ರಯಾಣಿಕ. ಇದನ್ನು ನೆನಪಿಸುವ ಅವಕಾಶವನ್ನು ಅವಳು ಒಮ್ಮೆಯೂ ಕಳೆದುಕೊಂಡಿಲ್ಲ.

ಯಾವ ವಾರ

ವಾರವನ್ನು ದೇವರನ್ನು ನೋಡಿ ಆರಿಸಿ. ಸೋಮವಾರ ಈಶ್ವರನ ಗುಡಿಗಳಲ್ಲಿ ಜನ. ಮಂಗಳವಾರ, ಶುಕ್ರವಾರ ಅಮ್ಮನವರ ಗುಡಿಗಳಲ್ಲಿ. ಶನಿವಾರ ಹನುಮಂತ, ವೆಂಕಟರಮಣ. ಭಾನುವಾರ ಎಲ್ಲೆಲ್ಲೂ. ಅಮಾವಾಸ್ಯೆ, ಹುಣ್ಣಿಮೆಗಳಂದು ಗಂಜಾಂನ ನಿಮಿಷಾಂಬ ದೇವಸ್ಥಾನದ ಕಡೆ ತಲೆ ಹಾಕಬೇಡಿ. ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟವನ್ನು ಯುವಕರಿಗೆ ಬಿಟ್ಟುಕೊಡಿ. ಮಂಗಳವಾರ ಮೈಸೂರಿನ ಮೃಗಾಲಯಕ್ಕೂ ಕಾರಂಜಿ ಕೆರೆಗೂ ರಜೆ. ಹೀಗೆ ಒಂದೊಂದಾಗಿ ಹೊಡೆದುಹಾಕಿದರೆ ಉಳಿಯುವುದು ಬುಧವಾರ ಮತ್ತು ಗುರುವಾರ. ನಮ್ಮ ತಿರುಗಾಟದ ಬಹುಪಾಲು ಬುಧವಾರದ್ದೇ.

ಇನ್ನೂ ಒಂದು ಕೆಲಸ ಮಾಡಿ. ಮನೆಯ ಗೋಡೆಯ ಪಂಚಾಂಗದ ಕ್ಯಾಲೆಂಡರಿನಲ್ಲಿ ಮದುವೆಯ ಮುಹೂರ್ತಗಳಿರುವ ದಿನಗಳನ್ನು ನೋಡಿ ಬಿಟ್ಟುಬಿಡಿ. ವೈಶಾಖದಲ್ಲಿ ಲಗ್ನ ಜೋರಾಗಿರುವ ದಿನ ಬನ್ನೂರಿನ ಬಸ್ಸಿನಲ್ಲಿ ಕೂತು ನೋಡಿ, ನಾನು ಹೇಳಿದ್ದು ತಿಳಿಯುತ್ತದೆ. ರೇಷ್ಮೆ ಸೀರೆ, ಮಲ್ಲಿಗೆ ಮೊಳ, ತಾಂಬೂಲದ ಚೀಲ, ಅಳುವ ಮಗು, ಇವುಗಳ ನಡುವೆ ನಿಮ್ಮ ನೀರಿನ ಬಾಟಲಿ ಎಲ್ಲಿ ಹೋಯಿತೆಂದೇ ಗೊತ್ತಾಗುವುದಿಲ್ಲ.

ಸೋಮನಾಥಪುರ: ಒಂದು ದಿನದ ಲೆಕ್ಕ

ಹೊಸದಾಗಿ ಶುರು ಮಾಡುವವರು ಸೋಮನಾಥಪುರದಿಂದಲೇ ಶುರು ಮಾಡಲಿ. ಮೈಸೂರಿನಿಂದ ಮೂವತ್ತೈದು ಕಿಲೋಮೀಟರಿನ ಆಸುಪಾಸು. ನೇರ ಬಸ್ಸುಗಳು ಕಡಿಮೆ. ಬನ್ನೂರಿಗೆ ಹೋಗಿ ಅಲ್ಲಿಂದ ತಿರುಮಕೂಡಲು ನರಸೀಪುರದ ಕಡೆಗೆ ಹೋಗುವ ಬಸ್ಸು ಹಿಡಿದರೆ ಗುಡಿಯ ಹತ್ತಿರವೇ ಇಳಿಯಬಹುದು. ಬನ್ನೂರಿನಲ್ಲಿ ಬಸ್ಸು ಬದಲಿಸಬೇಕಾಗಿರುವುದು ಅನನುಕೂಲವಲ್ಲ, ಅನುಕೂಲ. ಇಳಿದು ಕಾಲು ಚಾಚಿ, ಇಡ್ಲಿ ತಿಂದು, ಮಾತ್ರೆ ನುಂಗಿ, ಶೌಚ ಮುಗಿಸಿ ಮುಂದಿನ ಬಸ್ಸು ಹತ್ತಬಹುದು.

ಇದನ್ನೇ ಮೊದಲು ಹೇಳಲು ಕಾರಣ ಒಂದಿದೆ. ಈ ಭಾಗದ ದೇವಸ್ಥಾನಗಳ ಬಾಗಿಲು ಹೆಚ್ಚಾಗಿ ಮಧ್ಯಾಹ್ನ ಒಂದರ ಸುಮಾರಿಗೆ ಮುಚ್ಚಿ ನಾಲ್ಕರ ಸುಮಾರಿಗೆ ತೆರೆಯುತ್ತದೆ. ಹನ್ನೆರಡೂಮುಕ್ಕಾಲಿಗೆ ಹೋಗಿ ಬಾಗಿಲು ನೋಡಿಕೊಂಡು ಕೂತರೆ ದಿನವೇ ಹಾಳು. ಸೋಮನಾಥಪುರದ ಕೇಶವ ದೇವಾಲಯದಲ್ಲಿ ಪೂಜೆ ನಡೆಯುವುದಿಲ್ಲ. ಅದು ಪುರಾತತ್ವ ಇಲಾಖೆಯ ಸ್ಮಾರಕ, ಆದ್ದರಿಂದ ಮಧ್ಯಾಹ್ನದ ಬೀಗವೂ ಇಲ್ಲ. ಬಸ್ಸು ತಡವಾದರೂ ದಿನ ಕೈಬಿಡುವುದಿಲ್ಲ. ಸ್ವಲ್ಪ ಹಣದ ಟಿಕೆಟ್ ತೆಗೆದುಕೊಂಡರೆ ಸಂಜೆಯವರೆಗೂ ಯಾರೂ ಏಳಿಸುವುದಿಲ್ಲ.

1258ರ ಗುಡಿ. ಹೊಯ್ಸಳರ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ ಕಟ್ಟಿಸಿದ್ದು, ಊರಿಗೂ ಅವನದೇ ಹೆಸರು. ಬೇಲೂರು, ಹಳೇಬೀಡುಗಳ ಜೊತೆಗೆ 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ನೋಡುವ ಕ್ರಮ ಹೇಳುತ್ತೇನೆ. ಒಳಗೆ ಹೋದವರು ಸಾಮಾನ್ಯವಾಗಿ ನೇರ ಗರ್ಭಗುಡಿಗೆ ನುಗ್ಗುತ್ತಾರೆ. ನೀವು ಹಾಗೆ ಮಾಡಬೇಡಿ. ಮೊದಲು ಹೊರಗಿನ ಜಗತಿಯ, ಅಂದರೆ ಗುಡಿ ನಿಂತಿರುವ ಎತ್ತರದ ಕಟ್ಟೆಯ, ಮೇಲೆ ಒಂದು ಸುತ್ತು ಹಾಕಿ, ಏಕೆಂದರೆ ಅಲ್ಲಿ ಬರಿಗಾಲು ಕಡ್ಡಾಯ. ಬಿಸಿಲೇರಿದ ಮೇಲೆ ಆ ಕಲ್ಲು ಪಾದ ಸುಡುತ್ತದೆ. ಹತ್ತರೊಳಗೆ ಹೊರಗಿನ ಗೋಡೆ ಮುಗಿಸಿ, ಬಿಸಿಲು ಬಂದಾಗ ಒಳಗಿನ ತಂಪಿಗೆ ಹೋಗಿ.

ಹೊರಗೋಡೆಯನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಆನೆ, ಅದರ ಮೇಲೆ ಕುದುರೆ ಸವಾರರು, ಬಳ್ಳಿ, ಅದಕ್ಕೂ ಮೇಲೆ ಕಥೆಯ ಪಟ್ಟಿಕೆ, ಆಮೇಲೆ ಮಕರ, ಹಂಸ. ಬಗ್ಗಿ ನೋಡಿದರೆ ಬೆನ್ನು ಹಿಡಿಯುತ್ತದೆ. ಮಡಚುವ ಪುಟ್ಟ ಸ್ಟೂಲು ಒಯ್ದು ಕೂತು ನೋಡಿ. ದೊಡ್ಡ ವಿಗ್ರಹಗಳ ಪೀಠದ ಕೆಳಗೆ ಕೆತ್ತಿದವನ ಹೆಸರಿರುತ್ತದೆ. ಮಲ್ಲಿತಮ್ಮ ಎಂಬ ಶಿಲ್ಪಿಯ ಹೆಸರು ಹಲವು ಕಡೆ ಇದೆ. ವಿಳಾಸ ಓದಿಯೇ ಬದುಕಿದವನಿಗೆ ಆ ಅಕ್ಷರಗಳನ್ನು ಹುಡುಕುವುದೇ ಅರ್ಧ ದಿನದ ಕೆಲಸವಾಯಿತು. ಹಳಗನ್ನಡ ಲಿಪಿ, ಎಲ್ಲವೂ ಓದಲು ಬರುವುದಿಲ್ಲ. 'ಮ' ಮತ್ತು 'ಲ್ಲಿ'ಯ ಗುರುತು ಹಿಡಿದರೆ ಸಾಕು, ಮುಂದಿನದನ್ನು ಕಣ್ಣೇ ಹುಡುಕಿಕೊಳ್ಳುತ್ತದೆ.

ಒಳಗೆ ಮೂರು ಗರ್ಭಗುಡಿ: ಕೇಶವ, ಜನಾರ್ದನ, ವೇಣುಗೋಪಾಲ. ನಡುವಿನ ಕೇಶವನ ಮೂಲ ವಿಗ್ರಹ ಉಳಿದಿಲ್ಲ, ಈಗ ಇರುವುದು ಬೇರೆ. ವೇಣುಗೋಪಾಲನ ಮುಂದೆ ಸ್ವಲ್ಪ ಹೊತ್ತು ನಿಲ್ಲಿ, ಕೊಳಲು ಕೇಳುತ್ತಿರುವ ಹಸುಗಳನ್ನು ನೋಡಿ. ಮೇಲ್ಛಾವಣಿಯ ಭುವನೇಶ್ವರಿಗಳು, ಅಂದರೆ ಒಳಮುಖದ ಕೆತ್ತನೆಗಳು, ಒಂದರಂತೆ ಇನ್ನೊಂದಿಲ್ಲ. ಕತ್ತು ಎತ್ತಿ ನೋಡಿದರೆ ತಲೆ ಸುತ್ತುವವರು, ಮುಖ್ಯವಾಗಿ ಕುತ್ತಿಗೆಯ ಸ್ಪಾಂಡಿಲೈಟಿಸ್ ಇರುವವರು, ಮೊಬೈಲಿನ ಕ್ಯಾಮೆರಾ ಸೆಲ್ಫಿಗೆ ತಿರುಗಿಸಿ ಅಂಗೈಯಲ್ಲಿ ಹಿಡಿದು ಅದರೊಳಗೆ ನೋಡಿ. ಈ ಉಪಾಯ ನಮ್ಮ ಬೀದಿಯ ನಿವೃತ್ತ ಹೈಸ್ಕೂಲ್ ಮೇಷ್ಟ್ರದ್ದು. ಮೊಬೈಲ್ ಸೆಲ್ಫಿ ಎಂದರೆ ಉರಿದುಬೀಳುವ ಮನುಷ್ಯ ಅದಕ್ಕೊಂದು ಸದುಪಯೋಗ ಕಂಡುಹಿಡಿದರು.

ಆಮೇಲೆ? ಆಮೇಲೆ ಏನೂ ಇಲ್ಲ. ಪ್ರಾಕಾರದ ಸುತ್ತಲಿನ ಕೈಸಾಲೆಯ ನೆರಳಿನಲ್ಲಿ ಕೂರಿ. "ಇಷ್ಟು ದೂರ ಬಂದಿದ್ದೇವೆ, ಹಾಗೆಯೇ ತಲಕಾಡನ್ನೂ ಮುಗಿಸಿಬಿಡೋಣ" ಎನ್ನುವವರು ಗುಂಪಿನಲ್ಲಿ ಒಬ್ಬರಿರುತ್ತಾರೆ. ಅವರ ಮಾತು ಕೇಳಬೇಡಿ. ಒಂದು ದಿನಕ್ಕೆ ಒಂದು ಊರು. ಕೆಲಸದಲ್ಲಿದ್ದಾಗ ರಜೆ ಸಿಗುತ್ತಿರಲಿಲ್ಲ, ಒಂದೇ ಭಾನುವಾರದಲ್ಲಿ ನಾಲ್ಕು ಊರು ತುರುಕುತ್ತಿದ್ದೆವು. ಈಗ ಮುಂದಿನ ಬುಧವಾರ ಎಲ್ಲಿಗೂ ಓಡಿಹೋಗುವುದಿಲ್ಲ.

ಯಾವ ತಿಂಗಳು ಯಾವ ಊರು

ನಮ್ಮ ವರ್ಷ ಹೀಗೆ ಸಾಗಿತು. ಅದರಲ್ಲಿ ಸರಿಹೊಂದಿದ್ದನ್ನು ಮಾತ್ರ ಹೇಳುತ್ತೇನೆ.

ಏಪ್ರಿಲ್, ಮೇ ತಿಂಗಳಲ್ಲಿ ದೂರ ಬೇಡ. ಶ್ರೀರಂಗಪಟ್ಟಣದ ದರಿಯಾ ದೌಲತ್ ಸಾಕು. 1784ರಲ್ಲಿ ಟಿಪ್ಪು ಕಟ್ಟಿಸಿದ ತೇಗದ ಮರದ ಬೇಸಿಗೆ ಅರಮನೆ. ಬೇಸಿಗೆಗೆಂದೇ ಕಟ್ಟಿದ್ದನ್ನು ಬೇಸಿಗೆಯಲ್ಲಿ ನೋಡುವುದೇ ಸರಿ. ಪಶ್ಚಿಮದ ಗೋಡೆಯ ಮೇಲೆ 1780ರ ಪೊಲ್ಲಿಲೂರು ಕದನದ ಚಿತ್ರವಿದೆ. ಇಂಗ್ಲಿಷರ ಕರ್ನಲ್ ಬೇಯ್ಲಿ ಪಲ್ಲಕ್ಕಿಯಲ್ಲಿ ಕೂತಿದ್ದಾನೆ, ಸುತ್ತಲೂ ಸಾಲುಸಾಲು ಸೈನಿಕರು. ಮುಂದಿನ ತೋಟದಲ್ಲಿ ದೊಡ್ಡ ಮರಗಳಿವೆ, ಬುತ್ತಿಯ ಊಟಕ್ಕೆ ಹೊರಗೆ ಜಾಗ ಹುಡುಕಿಕೊಳ್ಳಿ. ಕೋಟೆ, ರಂಗನಾಥಸ್ವಾಮಿ ದೇವಸ್ಥಾನ, ಗುಂಬಜ್ ಎಲ್ಲವನ್ನೂ ಒಂದೇ ದಿನ ಸೇರಿಸಬೇಡಿ. ಶ್ರೀರಂಗಪಟ್ಟಣ ಮನೆಯ ಹಿತ್ತಿಲಿದ್ದಂತೆ. ಎಷ್ಟು ಸಲ ಬೇಕಾದರೂ ಹೋಗಬಹುದು.

ಮಳೆ ಹಿಡಿದ ಮೇಲೆ, ಜುಲೈ ಆಗಸ್ಟ್‌ನಲ್ಲಿ, ನಂಜನಗೂಡು. ಇದಕ್ಕೆ ಚಾಮರಾಜನಗರದ ರೈಲು ಹಿಡಿಯಿರಿ. ಅಶೋಕಪುರಂ, ಕಡಕೊಳ, ತಾಂಡವಪುರ ದಾಟಿ ಸರಾಗವಾಗಿ ತಲುಪುತ್ತದೆ. ಬಸ್ಸಿನಲ್ಲಿ ಇಲ್ಲದ ಎರಡು ಅನುಕೂಲ ರೈಲಿನಲ್ಲಿವೆ: ಎದ್ದು ಓಡಾಡಬಹುದು, ಬೋಗಿಯಲ್ಲೇ ಶೌಚಾಲಯ ಇರುತ್ತದೆ. ಊರಿಗೆ ಮುಂಚೆ ಕಪಿಲೆಯ, ಅಂದರೆ ಕಬಿನಿ ಹೊಳೆಯ, ಸೇತುವೆ. ಪಕ್ಕದಲ್ಲೇ ಕಾಣುವ ಕಲ್ಲಿನ ಹಳೆಯ ಸೇತುವೆ 1735ರದ್ದು. ಕಬಿನಿ ಅಣೆಕಟ್ಟೆಯಿಂದ ನೀರು ಬಿಟ್ಟ ವಾರಗಳಲ್ಲಿ ಹೊಳೆಯ ಹದಿನಾರು ಕಾಲಿನ ಮಂಟಪ ಮುಳುಗುತ್ತದೆ. ಪತ್ರಿಕೆಯಲ್ಲಿ ಆ ಫೋಟೊ ಬಂದ ದಿನವೇ ಹೊರಡಿ, ಆದರೆ ಸ್ನಾನಘಟ್ಟಕ್ಕೆ ಇಳಿಯದೆ ದೂರದಿಂದ ನೋಡಿ. ಶ್ರೀಕಂಠೇಶ್ವರನ ಗುಡಿಯ ಒಳಪ್ರಾಕಾರದಲ್ಲಿ ಅರವತ್ತುಮೂರು ಪುರಾತನರ, ಅಂದರೆ ಹಿಂದಿನ ಶಿವಭಕ್ತರ, ವಿಗ್ರಹಗಳ ಸಾಲಿದೆ, ಕೆಳಗೆ ಹೆಸರುಗಳೂ ಇವೆ. ಜನ ದರ್ಶನ ಮುಗಿಸಿ ಓಡುವುದರಿಂದ ಅಲ್ಲಿ ಗದ್ದಲವಿಲ್ಲ. ಬರುವಾಗ ರಸಬಾಳೆ ಸಿಕ್ಕರೆ ತನ್ನಿ. ಈಗ ಬೆಳೆಯುವವರು ಕಡಿಮೆ. ಏಲಕ್ಕಿ ಬಾಳೆಯನ್ನು ತೋರಿಸಿ ರಸಬಾಳೆ ಎನ್ನುವವರೂ ಇದ್ದಾರೆ. ರಸಬಾಳೆಯ ಸಿಪ್ಪೆ ತೆಳು, ಪರಿಮಳ ದೂರದಿಂದಲೇ ಬರುತ್ತದೆ.

ಅದೇ ಮಳೆಗಾಲದಲ್ಲಿ ಶಿವನಸಮುದ್ರ. ಇದೊಂದಕ್ಕೆ ಕಾರು ಬೇಕು, ಏಕೆಂದರೆ ಅಲ್ಲಿನ ಎರಡು ಜಲಪಾತಗಳಾದ ಗಗನಚುಕ್ಕಿಗೂ ಭರಚುಕ್ಕಿಗೂ ನಡುವೆ ರಸ್ತೆಯ ದಾರಿ ಸಾಕಷ್ಟಿದೆ. ಮಂಡಿ ನೋವಿದ್ದರೆ ಮಳವಳ್ಳಿ ಕಡೆಯಿಂದ ಗಗನಚುಕ್ಕಿಯನ್ನು ಎದುರಿನಿಂದ ನೋಡುವುದು ಸುಲಭ. ಭರಚುಕ್ಕಿಯಲ್ಲಿ ಕೆಳಗಿಳಿಯುವ ಮೆಟ್ಟಿಲುಗಳಿವೆ, ಮೇಲಿನಿಂದಲೇ ನೋಡಿ ಸಮಾಧಾನ ಮಾಡಿಕೊಳ್ಳಿ. 1902ರಲ್ಲಿ ಇಲ್ಲಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋಯಿತು. ನೀರು ಅಬ್ಬರಿಸುವುದನ್ನು ನೋಡುವಾಗ ಅದು ನೆನಪಿದ್ದರೆ ನೋಟವೇ ಬೇರೆ.

ಗುಂಡ್ಲುಪೇಟೆಯ ಕಡೆ ಹೂವಿನ ಹೊಲಗಳಿಗೂ ಇದೇ ಕಾಲ. ಸೂರ್ಯಕಾಂತಿ, ಚೆಂಡುಹೂವು. ಹೊಲಕ್ಕೆ ಇಳಿದು ಫೋಟೊ ತೆಗೆದರೆ ರೈತರು ಹಣ ಕೇಳುತ್ತಾರೆ, ಕೊಡಿ. ಅವರ ಗಿಡ ತುಳಿದವರು ನಾವು.

ಹಿಮವದ್ ಗೋಪಾಲಸ್ವಾಮಿ ಬೆಟ್ಟ ಬಂಡೀಪುರದ ಕಾಡಿನೊಳಗಿದೆ, 1,454 ಮೀಟರ್ ಎತ್ತರ. ಬೆಟ್ಟದ ಬುಡದಿಂದ ಮೇಲಕ್ಕೆ ಖಾಸಗಿ ವಾಹನ ಬಿಡುವುದಿಲ್ಲ, ಸಾರಿಗೆ ಸಂಸ್ಥೆಯ ಬಸ್ಸಿನಲ್ಲೇ ಹೋಗಬೇಕು. ಕಾರಿನವರು ಇದಕ್ಕೆ ಗೊಣಗುತ್ತಾರೆ. ಬಸ್ಸಿನಲ್ಲೇ ಬಂದ ನಮಗೆ ಅವರೂ ನಮ್ಮ ಸಾಲಿನಲ್ಲೇ ನಿಂತದ್ದು ಒಂದು ತರಹದ ಸಂತೋಷ. ಮಂಜು ಇರುತ್ತದೆ, ಕಿವಿ ಮುಚ್ಚುವ ಮಫ್ಲರ್ ಒಯ್ಯಿರಿ. ಭಾನುವಾರ ಖಂಡಿತ ಬೇಡ.

ತಲಕಾಡಿಗೆ ಡಿಸೆಂಬರ್, ಜನವರಿಯ ಬೆಳಗು ಸರಿ. ಮರಳು ಕಾಯುವ ಮುನ್ನ ಪಾತಾಳೇಶ್ವರ, ಮರಳೇಶ್ವರ, ವೈದ್ಯೇಶ್ವರ, ಕೀರ್ತಿನಾರಾಯಣ ನಾಲ್ಕನ್ನೂ ನೋಡಬಹುದು. ಕೀರ್ತಿನಾರಾಯಣ ವಿಷ್ಣುವಿನ ಗುಡಿ, ಮಿಕ್ಕ ಮೂರು ಪಂಚಲಿಂಗಗಳ ಸಾಲಿನವು. ಪಂಚಲಿಂಗಗಳಲ್ಲಿ ಉಳಿದ ಎರಡು, ವಿಜಯಾಪುರದ ಅರ್ಕೇಶ್ವರ ಮತ್ತು ಮುಡುಕುತೊರೆಯ ಮಲ್ಲಿಕಾರ್ಜುನ, ಊರ ಹೊರಗಿವೆ. ಐದನ್ನೂ ಒಂದೇ ದಿನ ನೋಡಬೇಕೆಂಬ ಹಟವನ್ನು ಕೆಲವು ವರ್ಷಗಳಿಗೊಮ್ಮೆ ಬರುವ ಪಂಚಲಿಂಗ ದರ್ಶನದ ಉತ್ಸವಕ್ಕೆ ಇಟ್ಟುಕೊಳ್ಳಿ. ಮರಳಿನಲ್ಲಿ ನಡೆಯುವುದು ಸಮತಟ್ಟಾದ ನೆಲದಲ್ಲಿ ನಡೆದದ್ದಕ್ಕಿಂತ ಹೆಚ್ಚು ದಣಿವು, ಮೀನಖಂಡ ಹಿಡಿಯುತ್ತದೆ. ಹೊಳೆಗೆ ಇಳಿಯಲೇಬೇಡಿ, ತಿಳಿಯಾಗಿ ಕಂಡರೂ ಅಲ್ಲಿ ಸುಳಿಗಳಿವೆ.

ಫೆಬ್ರುವರಿಯಿಂದ ಹಕ್ಕಿಗಳ ಕಾಲ. ರಂಗನತಿಟ್ಟು ಹತ್ತಿರ. ಸಲೀಂ ಅಲಿಯವರ ಮಾತಿನಂತೆ 1940ರಲ್ಲಿ ಪಕ್ಷಿಧಾಮವಾದದ್ದು. ದೋಣಿಯಲ್ಲಿ ಕೂತರೆ ನಡೆಯುವ ಕಷ್ಟವೇ ಇಲ್ಲ, ಬಂಡೆಯ ಮೇಲೆ ಬಾಯ್ತೆರೆದು ಮಲಗಿದ ಮೊಸಳೆ ಉಚಿತ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ನನಗೆ ಅದಕ್ಕಿಂತ ಇಷ್ಟವಾಯಿತು. ಅಲ್ಲಿ ಟಿಕೆಟ್ಟಿಲ್ಲ, ದೋಣಿಯಿಲ್ಲ. ಊರ ಮನೆಗಳ ಪಕ್ಕದ ಹುಣಸೆಮರಗಳಲ್ಲೇ ಹೆಜ್ಜಾರ್ಲೆಯೂ (ಪೆಲಿಕನ್) ಬಣ್ಣದ ಕೊಕ್ಕರೆಯೂ ಗೂಡು ಕಟ್ಟಿವೆ. ಜನ ಕೆಳಗೆ ರಾಗಿ ಒಣಗಿಸುತ್ತಾರೆ, ಮೇಲೆ ಹಕ್ಕಿ ಸಂಸಾರ ಮಾಡುತ್ತದೆ. ಛತ್ರಿ ಬಿಚ್ಚಿಕೊಂಡೇ ನೋಡಿ, ಕಾರಣ ಮರದ ಕೆಳಗೆ ನಿಂತ ಕೂಡಲೇ ತಿಳಿಯುತ್ತದೆ. ಮದ್ದೂರಿನವರೆಗೆ ರೈಲು, ಅಲ್ಲಿಂದ ಆಟೊ ಮಾತಾಡಿ, ಕಾಯುವುದಕ್ಕೂ ಸೇರಿಸಿ ದರ ಒಪ್ಪಿಸಿಕೊಳ್ಳಿ.

ಮೇಲುಕೋಟೆಗೆ ವೈರಮುಡಿ ಉತ್ಸವದ ಹೊತ್ತು ಬಿಟ್ಟು ಯಾವಾಗ ಬೇಕಾದರೂ ಹೋಗಿ. ವೈರಮುಡಿಯ ಕಿರೀಟ ಮಂಡ್ಯದ ಖಜಾನೆಯಿಂದ ಬರುವುದನ್ನು ಟಿವಿಯಲ್ಲಿ ನೋಡಿದರೆ ಸಾಕು, ಆ ಜನಸಾಗರ ನಮಗೆ ತಕ್ಕದ್ದಲ್ಲ. ಯೋಗನರಸಿಂಹನ ಬೆಟ್ಟ ಹತ್ತಲಾಗದವರು ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತು ಬೆಟ್ಟವನ್ನು ನೋಡಲಿ, ಆಮೇಲೆ ಅಕ್ಕತಂಗಿ ಕೊಳಕ್ಕೆ ನಡೆಯಲಿ. ಪುಳಿಯೋಗರೆ ತಿನ್ನದೆ ಬಂದರೆ ಹೋಗಿದ್ದೇಕೆ ಎಂದು ಯಾರಾದರೂ ಕೇಳುತ್ತಾರೆ. ಹುಳಿ ಎದೆಯುರಿ ತರುವವರು ಪೊಟ್ಟಣ ಕಟ್ಟಿಸಿ ಮನೆಗೆ ತಂದು ಮೊಸರಿನ ಜೊತೆ ತಿನ್ನಿ.

ಮಂಡಿ, ಮಾತ್ರೆ, ಮೂತ್ರ

ನಮ್ಮ ವಯಸ್ಸಿನವರು ಮನೆ ಬಿಟ್ಟು ಹೊರಡದಿರುವುದಕ್ಕೆ ಈ ಮೂರೇ ಕಾರಣ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, "ಮನೆಯಲ್ಲಿ ಕೆಲಸವಿತ್ತು" ಎನ್ನುತ್ತಾರೆ.

ಮಂಡಿಯ ವಿಷಯ: ಹತ್ತುವುದು ಉಸಿರಿಗೆ ಕಷ್ಟ, ಇಳಿಯುವುದು ಮಂಡಿಗೆ ಕಷ್ಟ. ಚಾಮುಂಡಿ ಬೆಟ್ಟಕ್ಕೆ ಬಸ್ಸಿನಲ್ಲಿ ಹೋಗಿ ಸಾವಿರ ಮೆಟ್ಟಿಲು ಇಳಿದು ಬರುತ್ತೇವೆ ಎನ್ನುವವರು ತಲೆಕೆಳಗು ಮಾಡುತ್ತಿದ್ದಾರೆ. ಎದೆ ಗಟ್ಟಿಯಿದ್ದರೆ ಮುಂಜಾನೆ ನಿಧಾನವಾಗಿ ಹತ್ತಿ, ನಂದಿಯ ಹತ್ತಿರ ಕೂತು, ಮೇಲೆ ಹೋಗಿ, ಇಳಿಯುವಾಗ 201ನೇ ನಂಬರಿನ ಬಸ್ಸು ಹತ್ತಿ. ಹೃದಯದ ತೊಂದರೆ ಇರುವವರು ಹತ್ತುವ ಮಾತೇ ಬೇಡ, ಎರಡು ಕಡೆಗೂ ಬಸ್ಸು. ಊರುಗೋಲು ಹಿಡಿಯಲು ನಾಚಬೇಡಿ; ಮಡಚುವಂಥದ್ದು ಚೀಲದಲ್ಲಿ ಹಿಡಿಸುತ್ತದೆ. ಕಲ್ಲು ಸುಡುವ ಗುಡಿಗಳಿಗೆ ಹಳೆಯ ದಪ್ಪ ಕಾಲುಚೀಲ ಒಯ್ಯಿರಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರಿಗೆ ಇದು ಅತಿ ಮುಖ್ಯ, ಸುಟ್ಟದ್ದು ಅವರಿಗೆ ಮನೆಗೆ ಬಂದ ಮೇಲೆ ಗೊತ್ತಾಗುತ್ತದೆ.

ಮಾತ್ರೆ: ಆ ದಿನದ್ದನ್ನು ಹೊತ್ತಿನ ಪ್ರಕಾರ ಸಣ್ಣ ಪೊಟ್ಟಣ ಮಾಡಿ, ಮೇಲೆ ಬರೆಯಿರಿ. ಪಾಕೀಟಿನ ಮೇಲೆ ವಿಳಾಸ ಬರೆಯುವ ಅಭ್ಯಾಸ ನನ್ನಿಂದ ಇನ್ನೂ ಹೋಗಿಲ್ಲ, ಅದರಲ್ಲೇ ಮನೆಯ ದೂರವಾಣಿ ಸಂಖ್ಯೆಯನ್ನೂ ಬರೆಯುತ್ತೇನೆ. ಸಕ್ಕರೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಊಟ ತಡವಾದರೆ ಬೆವರು, ನಡುಕ, ತಲೆ ತಿರುಗು ಶುರುವಾಗಬಹುದು; ಕಲ್ಲುಸಕ್ಕರೆ ಅಥವಾ ಗ್ಲೂಕೋಸ್ ಬಿಸ್ಕತ್ತು ಜೇಬಿನಲ್ಲೇ ಇರಲಿ, ಬಸ್ಸಿನ ಮೇಲಿನ ಅಟ್ಟದ ಚೀಲದಲ್ಲಿ ಅಲ್ಲ.

ಮೂತ್ರ: ರಕ್ತದೊತ್ತಡಕ್ಕೆ ನೀರಿಳಿಸುವ ಮಾತ್ರೆ ತೆಗೆದುಕೊಳ್ಳುವವರು ಪ್ರಯಾಣದ ದಿನ ಅದರ ಹೊತ್ತು ಬದಲಿಸಬಹುದೇ ಎಂದು ವೈದ್ಯರನ್ನೇ ಕೇಳಿ, ತಾವೇ ಬಿಟ್ಟುಬಿಡಬೇಡಿ. ಶೌಚಕ್ಕೆ ಹೆದರಿ ನೀರು ಕುಡಿಯದಿರುವುದು ಅದಕ್ಕಿಂತ ಕೆಟ್ಟದ್ದು. ಹೆಂಗಸರು ಇದನ್ನು ಹೆಚ್ಚು ಮಾಡುತ್ತಾರೆ, ಮಧ್ಯಾಹ್ನಕ್ಕೆ ತಲೆನೋವು ಎನ್ನುತ್ತಾರೆ. ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣ, ಪೆಟ್ರೋಲ್ ಬಂಕ್, ಟಿಕೆಟ್ ಇರುವ ಸ್ಮಾರಕ, ಇವು ಮೂರರಲ್ಲಿ ಶೌಚಾಲಯ ಸಿಗುತ್ತದೆ. ಚಿಲ್ಲರೆ ಐದು ರೂಪಾಯಿ ನಾಣ್ಯಗಳು ಬೇರೆ ಇರಲಿ. ಸಿಕ್ಕಲ್ಲಿ ಹೋಗಿ ಬನ್ನಿ, ಬೇಕಾದಾಗ ಹುಡುಕಬೇಡಿ.

ಯಾರ ಜೊತೆ

ಇಬ್ಬರು ಅಥವಾ ಮೂವರು. ಆಟೊದಲ್ಲಿ ಮೂವರಿಗಷ್ಟೇ ಜಾಗ. ನಾಲ್ಕನೆಯವರು ಸೇರಿದರೆ ಎರಡು ಆಟೊ, ಎರಡು ಚೌಕಾಸಿ, ಎರಡು ಗುಂಪು. ಮಗನೋ ಮಗಳೋ ಕಾರಿನಲ್ಲಿ ಕರೆದುಕೊಂಡು ಹೋಗುತ್ತೇವೆ ಎಂದರೆ ಬೇಡವೆನ್ನಬೇಡಿ, ಆದರೆ ಅದನ್ನು ಬೇರೆ ಲೆಕ್ಕದಲ್ಲಿಡಿ. ಅವರಿಗೆ ಹತ್ತು ನಿಮಿಷಕ್ಕೆ ಗುಡಿ ಮುಗಿಯುತ್ತದೆ, ಉಳಿದದ್ದು ಊಟದ ಜಾಗ ಹುಡುಕುವುದು. ಸ್ಕೂಟರಿನಲ್ಲಿ ಹೋಗುವ ಹುರುಪಿನವರು ಗಮನಿಸಿ: 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ, ಪಕ್ಕದ ಸೇವಾ ರಸ್ತೆಯೇ ಗತಿ.

ಮೇಷ್ಟ್ರು ನಮ್ಮ ಜೊತೆ ಬಂದಾಗಲೆಲ್ಲ ಒಂದು ಕಟ್ಟುಪಾಡು ಮಾಡಿಕೊಂಡೆವು. ಬಸ್ಸಿನಲ್ಲಿ ಪಿಂಚಣಿಯ ಮಾತಿಲ್ಲ, ಕಾಯಿಲೆಯ ಮಾತಿಲ್ಲ, ಸೊಸೆಯಂದಿರ ಮಾತಿಲ್ಲ. ಮೊದಲ ಅರ್ಧ ಗಂಟೆ ಎಲ್ಲರೂ ಸುಮ್ಮನೆ ಕೂರಬೇಕಾಯಿತು, ಮಾತಾಡಲು ಬೇರೇನೂ ಇರಲಿಲ್ಲ. ಆಮೇಲೆ ಕಿಟಕಿಯಾಚೆ ಕಬ್ಬು, ಭತ್ತ, ನಾಲೆಯ ನೀರು ಮಾತಿಗೆ ಬಂದವು.

ಚೀಲ, ಬುತ್ತಿ, ಸಂಜೆ

ಹೆಗಲಿಗೆ ಹಾಕುವ ಒಂದೇ ಚೀಲ. ಬುತ್ತಿಗೆ ಬೇಸಿಗೆಯಲ್ಲಿ ಮೊಸರನ್ನ ಬೇಡ, ಮಧ್ಯಾಹ್ನಕ್ಕೆ ಹುಳಿಯುತ್ತದೆ. ಚಪಾತಿಗೆ ಒಣ ಪಲ್ಯ, ಅಥವಾ ಚಿತ್ರಾನ್ನ. ಅವಲಕ್ಕಿ ಮತ್ತೂ ಒಳ್ಳೆಯದು. ಸೌತೆಕಾಯಿಯನ್ನು ಇಡಿಯಾಗಿ ಒಯ್ದು ಅಲ್ಲಿಯೇ ಹೆಚ್ಚಿ. ಹಳೆಯ ಪತ್ರಿಕೆ ಎರಡು: ಒಂದು ಕೂರಲು, ಒಂದು ಓದಲು. ಕೋತಿಗಳಿರುವ ಕಡೆ, ಅಂದರೆ ಮೇಲುಕೋಟೆಯಲ್ಲೂ ಚಾಮುಂಡಿ ಬೆಟ್ಟದಲ್ಲೂ, ಪ್ಲಾಸ್ಟಿಕ್ ಕವರನ್ನು ಕೈಯಲ್ಲಿ ಹಿಡಿಯಬೇಡಿ. ಕವರ್ ಕಂಡರೆ ಅದರಲ್ಲಿ ಹಣ್ಣಿದೆ ಎಂದೇ ಅವುಗಳ ತೀರ್ಮಾನ.

ಮನೆಗೆ ಬಂದ ಮೇಲೆ ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಆಗಲೇ ನೋಟ್‌ಬುಕ್ ಬರೆಯಿರಿ. ನಾಳೆ ಎಂದರೆ ಬಸ್ಸಿನ ವೇಳೆ ಮರೆತುಹೋಗುತ್ತದೆ. ನಾನು ಬರೆಯುವುದು ನಾಲ್ಕೇ ಸಂಗತಿ: ಹೋದ ಮತ್ತು ಬಂದ ಬಸ್ಸು, ಆದ ಖರ್ಚು, ಕೂರಲು ನೆರಳು ಎಲ್ಲಿತ್ತು,ಮತ್ತೆ ಹೋಗಬೇಕೆ ಬೇಡವೆ. ಕೊನೆಯ ಕಾಲಂ ಮನೆಯವಳ ಕೈಯಲ್ಲಿದೆ, ಅವಳ ಬರವಣಿಗೆಯಲ್ಲಿ 'ಬೇಡ' ಎಂದಿರುವ ಊರಿನ ಹೆಸರನ್ನು ಇಲ್ಲಿ ಹೇಳಿ ಯಾರ ಮನಸ್ಸನ್ನೂ ನೋಯಿಸುವುದಿಲ್ಲ. ಮರುದಿನ ಬ್ಯಾಂಕು, ರಕ್ತಪರೀಕ್ಷೆ, ಮದುವೆ ಊಟ ಏನನ್ನೂ ಇಟ್ಟುಕೊಳ್ಳಬೇಡಿ. ಮಧ್ಯಾಹ್ನದವರೆಗೆ ಮೀನಖಂಡ ಹಿಡಿದಿರುತ್ತದೆ, ಸಂಜೆಗೆ ಬಿಡುತ್ತದೆ. ಬಿಟ್ಟ ಮೇಲೆ ಕ್ಯಾಲೆಂಡರಿನಲ್ಲಿ ಮುಂದಿನ ಬುಧವಾರ ಲಗ್ನವಿದೆಯೇ ಎಂದು ನೋಡಿ.